ಮಣೂಕದ ತೋಟದ ಪಕ್ಕ ಒಂದು ಎಕರೆ ಶಿರಾಜ್: ಹಾಕಬಹುದಾ? ಅನುಭವ ಇರುವವರು ಹೇಳಿ

ತಿಕೋಟಾ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ನಾಲ್ಕು ಎಕರೆ ಥಾಮ್ಸನ್ ದ್ರಾಕ್ಷಿ ಇದೆ, ಅಷ್ಟೂ ಮಣೂಕಕ್ಕೇ (ಒಣದ್ರಾಕ್ಷಿಗೆ) ಹೋಗುತ್ತದೆ. ಪಕ್ಕದಲ್ಲಿ ಒಂದು ಎಕರೆ ಖಾಲಿ ಬಿದ್ದಿದೆ. ಅಲ್ಲಿ ಶಿರಾಜ್ ಹಾಕಿ ವೈನ್ ದ್ರಾಕ್ಷಿ ಬೆಳೆಯೋಣ ಅಂತ ನನಗೂ ತಮ್ಮನಿಗೂ ಆಸೆ. ಅಪ್ಪ "ಇರೋದನ್ನ ಮೊದಲು ಸರಿ ನೋಡ್ಕೊಳ್ರಿ" ಅನ್ನುತ್ತಾರೆ. ಅವ್ವನ ಮುಂದೆ ವೈನ್ ಅನ್ನುವ ಮಾತು ಎತ್ತುವ ಹಾಗೇ ಇಲ್ಲ.

ನನ್ನ ಪ್ರಶ್ನೆ ಎರಡು. ವೈನ್ ದ್ರಾಕ್ಷಿಗೆ ವರ್ಷದ ಕೆಲಸ ಥಾಮ್ಸನ್‌ಗಿಂತ ಎಷ್ಟು ಬೇರೆ? ಮನೆಮಂದಿಯೇ ನೋಡಿಕೊಳ್ಳುವ ತೋಟ, ಕಾಯಂ ಆಳು ಒಬ್ಬರೇ. ಇನ್ನೊಂದು, ಮುಂದೆ ಯಾವತ್ತಾದರೂ ನಾವೇ ವೈನ್ ಮಾಡಬಹುದಾ, ಇಲ್ಲ ಕಂಪನಿಗೆ ಹಣ್ಣು ಕೊಟ್ಟು ಸುಮ್ನೆ ಇರಬೇಕಾ? ಯೂಟ್ಯೂಬ್‌ನಲ್ಲಿ ಗೊನೆ ಕೊಯ್ಯುವುದು ತೋರಿಸುತ್ತಾರೆ, ಆಮೇಲೆ ನೇರ ಗ್ಲಾಸ್ ಎತ್ತುವುದು. ನಡುವೆ ಏನು ನಡೆಯುತ್ತದೆ ಅಂತ ಯಾರೂ ಹೇಳುವುದಿಲ್ಲ.

ಹಳೇಬಳ್ಳಿ

ತಮ್ಮಾ, ನಾನೂ ನಿಮ್ಮ ಜಿಲ್ಲೆಯವನೇ. ಸ್ವಲ್ಪ ಥಾಮ್ಸನ್ ತೆಗೆದು ಕೆಂಪು ವೈನ್‌ನ ಶಿರಾಜ್ ಮತ್ತು ಬಿಳಿ ವೈನ್‌ನ ಶೆನಿನ್ ಬ್ಲಾಂಕ್ ಹಾಕಿದವನು. ಉದ್ದ ಬರೆಯುತ್ತೇನೆ, ಚಹಾ ಹಿಡಿದುಕೊಂಡು ಕೂತುಕೊಳ್ಳಿ.

ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಇಲ್ಲೂ ಎರಡು ಸಲವೇ. ಏಪ್ರಿಲ್‌ನಲ್ಲಿ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ಎಲ್ಲರೂ ಅಕ್ಟೋಬರ್‌ದೇ ದೊಡ್ಡ ಚಾಟ್ನಿ ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಏಪ್ರಿಲ್ ಚಾಟ್ನಿ ಆಗಿ ಸುಮಾರು 40ರಿಂದ 60 ದಿನದೊಳಗೆ ಕಡ್ಡಿಯ ಕಣ್ಣಿನ (ಮೊಗ್ಗಿನ) ಒಳಗೆ ಗೊನೆ ಕಟ್ಟುತ್ತದೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ದಿನಗಳಲ್ಲಿ ಕಡ್ಡಿಗೆ ಬಿಸಿಲು ಬೀಳಬೇಕು, ಎಲೆ ಮೇಲೆ ಎಲೆ ಕೂತಿರಬಾರದು, ಸಾರಜನಕ ಜಾಸ್ತಿ ಆಗಬಾರದು. ಮೋಡ ಮುಚ್ಚಿಕೊಂಡು ಕೂತರೆ, ಮೇಲಿಂದ ನಾವೂ ಯೂರಿಯಾ ಸುರಿದರೆ, ಅಕ್ಟೋಬರ್‌ನಲ್ಲಿ ಚಿಗುರು ಚೆಂದ ಬರುತ್ತದೆ, ಗೊನೆ ಇರಬೇಕಾದ ಜಾಗದಲ್ಲಿ ಬರೀ ಸುತ್ತಿಕೊಳ್ಳುವ ಕುಡಿಬಳ್ಳಿ ಇರುತ್ತದೆ. ಆಗ ಯಾರನ್ನು ಬೈದರೂ ಪ್ರಯೋಜನ ಇಲ್ಲ.

ಅಕ್ಟೋಬರ್‌ನಲ್ಲಿ ಕತ್ತರಿಸಿದ ಮೇಲೆ ಕಣ್ಣಿಗೆ ಹೈಡ್ರೋಜನ್ ಸೈನಮೈಡ್ ಹಚ್ಚುತ್ತೇವೆ, ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲಿ ಅಂತ. ಇದು ನಿಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಹುಡುಗರಿಗೆ ಒಂದು ಮಾತು: ಕೈಗವಸು ಬೇಕು, ಮೈಮುಚ್ಚುವ ಬಟ್ಟೆ ಬೇಕು, ಅದನ್ನು ಹಚ್ಚುವ ದಿನಗಳಲ್ಲಿ ಕುಡಿತ ಪೂರ್ತಿ ಬಂದ್. ಆ ಔಷಧ ಮೈಗೆ ಸೇರಿದ್ದಾಗ ಮದ್ಯ ಕುಡಿದರೆ ಮುಖ ಕೆಂಪಗಾಗಿ ಎದೆ ಹೊಡೆದುಕೊಳ್ಳುತ್ತದೆ, ಆಸ್ಪತ್ರೆ ಸೇರಬೇಕಾಗುತ್ತದೆ. ವೈನ್ ತೋಟದಲ್ಲಿ ಮೊದಲು ಹೇಳಿಕೊಡಬೇಕಾದ ಪಾಠ ಇದು, ನಗಬೇಡಿ.

ಇಲ್ಲಿಂದ ಮುಂದೆ ದಾರಿ ಬೇರೆ. ಥಾಮ್ಸನ್‌ಗೆ ಕಾಳು ಉದ್ದ ಆಗಲಿ, ತೂಕ ಬರಲಿ ಅಂತ ಜಿಬ್ಬರೆಲಿಕ್ ಆಸಿಡ್ ಹೊಡೆಯುತ್ತೇವೆ. ಶಿರಾಜ್‌ಗೆ ಅದು ಬೇಡವೇ ಬೇಡ. ಕಾಳು ಸಣ್ಣದಿದ್ದಷ್ಟೂ ಒಳ್ಳೆಯದು. ಬಣ್ಣ, ಒಗರು, ವಾಸನೆ ಎಲ್ಲ ಇರುವುದು ಸಿಪ್ಪೆಯಲ್ಲಿ. ಕಾಳು ದೊಡ್ಡದಾದರೆ ರಸ ಜಾಸ್ತಿ, ಸಿಪ್ಪೆ ಕಡಿಮೆ, ವೈನ್ ತೆಳು. ಗೊನೆಯನ್ನೂ ಉದುರಿಸಬೇಕು. ನಾವು ಎಕರೆಗೆ ನಾಲ್ಕೈದು ಟನ್‌ಗೆ ನಿಲ್ಲಿಸುತ್ತೇವೆ. ಮೊದಲ ವರ್ಷ ಹಸಿ ಗೊನೆ ಕತ್ತರಿಸಿ ನೆಲಕ್ಕೆ ಹಾಕುವಾಗ ನಮ್ಮಪ್ಪ ತೋಟ ಬಿಟ್ಟು ಮನೆಗೆ ಹೋದರು. ತೂಕಕ್ಕೆ ಬೆಳೆದು ರೂಢಿಯಾದ ಕೈಗೆ ಇದು ಕಷ್ಟ. ನಿಮ್ಮಪ್ಪನಿಗೂ ಕಷ್ಟವಾಗುತ್ತದೆ, ಈಗಲೇ ಹೇಳಿಟ್ಟಿರಿ.

ರೋಗ ಅವೇ. ಅಕ್ಟೋಬರ್–ನವೆಂಬರ್ ಮಳೆಗೆ ಡೌನಿ ಅನ್ನುವ ಶಿಲೀಂಧ್ರ ರೋಗ, ಆಮೇಲೆ ಚಳಿಗೆ ಬೂದಿ ರೋಗ. ಆದರೆ ಗಂಧಕ ಹೊಡೆಯುವುದನ್ನು ಕೊಯ್ಲಿಗೆ ಬಹಳ ಮುಂಚೆಯೇ ನಿಲ್ಲಿಸಬೇಕು. ಗೊನೆ ಮೇಲೆ ಗಂಧಕ ಉಳಿದರೆ ಹುದುಗುವಾಗ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಕಂಪನಿಯವರು ಇದನ್ನು ನೋಡಿಯೇ ನೋಡುತ್ತಾರೆ.

ಜನವರಿಯಲ್ಲಿ ಕಾಳು ಬಣ್ಣ ತಿರುಗುತ್ತದೆ. ಆಗಿನಿಂದ ಡ್ರಿಪ್ ನೀರು ಕಡಿಮೆ. ಬಳ್ಳಿ ಸ್ವಲ್ಪ ಬಾಯಾರಬೇಕು, ಬಾಡಬಾರದು. ಈ ಅಳತೆ ಪುಸ್ತಕದಲ್ಲಿ ಸಿಗುವುದಿಲ್ಲ. ಮಧ್ಯಾಹ್ನ ತುದಿ ಚಿಗುರು ನೋಡಿ, ಬೆಳಿಗ್ಗೆ ಇನ್ನೊಮ್ಮೆ ನೋಡಿ. ರಾತ್ರಿ ಕಳೆದು ಎದ್ದು ನಿಂತಿದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ನೀರು ಬಿಡಿ. ಗಿಳಿ, ಗೊರವಂಕ ಬರುವುದೂ ಆಗಲೇ. ಬಲೆ ಖರ್ಚು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಕೊಯ್ಲು ಬಿಳಿ ತಳಿಗೆ ಮೊದಲು, ಶಿರಾಜ್‌ಗೆ ಫೆಬ್ರವರಿ–ಮಾರ್ಚ್. ನಿಮ್ಮ ನಿಜವಾದ ತೊಂದರೆ ಇಲ್ಲಿದೆ. ನಿಮ್ಮ ಮಣೂಕದ ಸುಗ್ಗಿಯೂ ಅದೇ ಹೊತ್ತಿಗೆ ಅಲ್ವಾ? ಆಳು ಎಲ್ಲಿಂದ ತರುತ್ತೀರಿ?

ತಿಕೋಟಾ_ಹುಡುಗ

ಅಣ್ಣಾ, ದೊಡ್ಡ ಉಪಕಾರ. ಆಳಿನ ವಿಷಯ ಹೊಳೆದೇ ಇರಲಿಲ್ಲ. ಫೆಬ್ರವರಿ ಕೊನೆಯಿಂದ ನಮ್ಮ ಶೆಡ್‌ನಲ್ಲಿ ಉಸಿರಾಡಲೂ ಬಿಡುವಿಲ್ಲ. ಗೊನೆ ಕೊಯ್ದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲಸಿದ ನೀರಲ್ಲಿ ಅದ್ದಿ, ಬಲೆ ಮೇಲೆ ಹರಡಿ, ಎರಡು ವಾರಕ್ಕೂ ಜಾಸ್ತಿ ಕಾಯುವುದು. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ಆ ದಿನಗಳಲ್ಲಿ ಒಂದು ಅಡ್ಡಮಳೆ ಬಂದರೆ ಕಾಳು ಕಪ್ಪಾಗಿ ರೇಟು ಬಿದ್ದುಹೋಗುತ್ತದೆ. ಮೋಡ ಕಂಡರೆ ಮನೆಯವರೆಲ್ಲ ತಾಡಪತ್ರಿ ಹಿಡಿದು ಓಡುತ್ತೇವೆ.

ಇನ್ನೊಂದು ಡೌಟು. ಥಾಮ್ಸನ್‌ನಿಂದಲೇ ವೈನ್ ಮಾಡಿದರೆ ಆಗುವುದಿಲ್ಲವಾ? ಹಣ್ಣು ಹೇಗೂ ಇದೆಯಲ್ಲ.

ಸೆಲ್ಲಾರ್_ಅಕ್ಕ

ವೈನರಿಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ನಂದಿ ಬೆಟ್ಟದ ಕಡೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆಗುತ್ತದೆ, ಮಾಡಿದವರೂ ಇದ್ದಾರೆ. ಆದರೆ ಥಾಮ್ಸನ್‌ಗೆ ತನ್ನದೇ ವಾಸನೆ ಬಹಳ ಕಡಿಮೆ. ಸಿಹಿ ಏರುವ ಹೊತ್ತಿಗೆ ಹುಳಿ ಇಳಿದಿರುತ್ತದೆ. ಸಪ್ಪೆ ವೈನ್ ಬರುತ್ತದೆ. ನಿಮ್ಮ ಮಣೂಕಕ್ಕೆ ಮರ್ಯಾದೆ ಇದೆ, ಅದನ್ನು ಅಲ್ಲೇ ಬಿಡಿ.

ಈಗ ನಡುವೆ ಏನು ನಡೆಯುತ್ತದೆ ಅಂತ ಕೇಳಿದಿರಲ್ಲ, ಅದು.

ಹಣ್ಣು ಬೆಳಗಿನ ಜಾವ ಕೊಯ್ದು, ಬಿಸಿಲೇರುವ ಮುಂಚೆ ನಮ್ಮ ಗೇಟಿಗೆ ಬರಬೇಕು. ಕ್ರೇಟ್‌ನಲ್ಲಿ, ಚೀಲದಲ್ಲಿ ಅಲ್ಲ. ಜಜ್ಜಿದ ಹಣ್ಣು ಬಿಸಿಯಾದರೆ ದಾರಿಯಲ್ಲೇ ಕಾಡು ಯೀಸ್ಟ್ ಕೆಲಸ ಶುರು ಮಾಡಿರುತ್ತದೆ. ನಾವು ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, ನೋಡುತ್ತೇವೆ. ಕೆಂಪು ವೈನ್‌ಗೆ 23–24 ಬಂದರೆ ಖುಷಿ. ಒಂದು ಬ್ರಿಕ್ಸ್‌ಗೆ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ ಆಲ್ಕೋಹಾಲ್ ಅಂತ ಹಿಡಿದರೆ, 23ಕ್ಕೆ ಸುಮಾರು 13 ಶೇಕಡಾ. ಆದರೆ ಬರೀ ಸಿಹಿ ನೋಡಿ ದಿನ ಗೊತ್ತು ಮಾಡಿದರೆ ಮೋಸ ಹೋಗುತ್ತೀರಿ. ಬೀಜ ಅಗಿದು ನೋಡಿ. ಹಸಿರಾಗಿ ಮೆತ್ತಗಿದ್ದರೆ ಇನ್ನೂ ಇಲ್ಲ. ಕಂದು ಬಣ್ಣಕ್ಕೆ ತಿರುಗಿ ಕಟುಂ ಅಂದರೆ ಆಯಿತು. ಪಿಎಚ್ ಕೂಡ ಬೇಕು, ಅದು ಏರಿದಷ್ಟೂ ಹುಳಿ ಕಡಿಮೆ ಅಂತ ಲೆಕ್ಕ. ನಮ್ಮ ಬಿಸಿಲಿಗೆ ಹುಳಿ ದಡದಡ ಇಳಿಯುತ್ತದೆ, 3.6 ದಾಟಿದರೆ ನನಗೆ ತಲೆನೋವು. ಆಗ ಟಾರ್ಟಾರಿಕ್ ಆಸಿಡ್ ಸೇರಿಸುತ್ತೇವೆ. ಅದು ದ್ರಾಕ್ಷಿಯಲ್ಲೇ ಇರುವ ಹುಳಿ, ಗಾಬರಿ ಬೇಡ.

ಆಮೇಲೆ ತೊಟ್ಟು ಬಿಡಿಸಿ, ಕಾಳು ಒಡೆದು ಟ್ಯಾಂಕಿಗೆ. ಅಲ್ಲೇ ಸ್ವಲ್ಪ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್, ನೂರು ಲೀಟರಿಗೆ 8–9 ಗ್ರಾಂ. ಬೇಡದ ಸೂಕ್ಷ್ಮಜೀವಿಗಳು ಸುಮ್ಮನಿರಲಿ ಅಂತ. ನಂತರ ಯೀಸ್ಟ್. ಮಾರನೇ ದಿನವೋ ಅದರ ಮಾರನೇ ದಿನವೋ ಟ್ಯಾಂಕ್ ಹತ್ತಿರ ಕಿವಿ ಇಟ್ಟರೆ ಚಿಟಿಚಿಟಿ ಸದ್ದು. ಸಿಪ್ಪೆ ಎಲ್ಲ ಮೇಲಕ್ಕೆ ಬಂದು ದಪ್ಪ ಮುಚ್ಚಳದಂತೆ ಕೂರುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒತ್ತಿ ರಸದಲ್ಲಿ ಮುಳುಗಿಸಬೇಕು. ಬಿಟ್ಟರೆ ಮೇಲೆ ಒಣಗಿ ವಿನೆಗರ್ ವಾಸನೆ ಹತ್ತುತ್ತದೆ. ಸಿಪ್ಪೆ ಮುಳುಗಿಸುವಾಗ ಮುಖಕ್ಕೆ ಹೊಡೆಯುವ ಗಾಳಿ ಮೂಗು ಸುಡುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರ, ಹಾಗಾಗಿ ಕೆಳಗೆ ನಿಲ್ಲುತ್ತದೆ. ಗಾಳಿಯಾಡದ ಕೋಣೆಯಲ್ಲೋ ನೆಲಮಾಳಿಗೆಯಲ್ಲೋ ಒಬ್ಬರೇ ಇಳಿದರೆ ಮೇಲೆ ಬರುವುದು ಕಷ್ಟ. ಬಾಗಿಲು ತೆಗೆದು ಫ್ಯಾನ್ ಹಾಕಿ, ಜೊತೆಗೆ ಇನ್ನೊಬ್ಬರು ಹೊರಗೆ ನಿಂತಿರಲೇಬೇಕು. ಟ್ಯಾಂಕಿನ ಒಳಗಂತೂ ತಲೆ ಹಾಕಲೇಬೇಡಿ.

ಶಾಖ ಇನ್ನೊಂದು ಶತ್ರು. ಹುದುಗುವಾಗ ತಾನೇ ಬಿಸಿಯಾಗುತ್ತದೆ. ಕೆಂಪಿಗೆ 25–28 ಡಿಗ್ರಿ ಸಾಕು, ಬಿಳಿಗೆ 14–18. ಮಾರ್ಚ್‌ನ ವಿಜಯಪುರದಲ್ಲಿ ಹೊರಗೇ ಎಷ್ಟಿರುತ್ತದೆ ನೋಡಿ! 35 ದಾಟಿದರೆ ಯೀಸ್ಟ್ ಸುಸ್ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಸಿಹಿ ಉಳಿದ ಆ ವೈನನ್ನು ಸರಿ ಮಾಡುವುದು ದೊಡ್ಡ ರಗಳೆ. ಹಾಗಾಗಿ ತಣ್ಣಗೆ ಮಾಡುವ ವ್ಯವಸ್ಥೆ ಇಲ್ಲದೆ ಇಲ್ಲಿ ವೈನ್ ಇಲ್ಲ. ಸಣ್ಣ ಕುಟುಂಬಕ್ಕೆ ದುಡ್ಡು ಮುಳುಗುವುದು ತೋಟದಲ್ಲಿ ಅಲ್ಲ, ಈ ಚಿಲ್ಲರ್‌ನಲ್ಲಿ.

ವಾರ ಹತ್ತು ದಿನಕ್ಕೆ ಹಿಂಡುತ್ತೇವೆ. ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬಂದು ಮ್ಯಾಲಿಕ್ ಹುಳಿಯನ್ನು ಮೆತ್ತಗಿನ ಲ್ಯಾಕ್ಟಿಕ್ ಹುಳಿ ಮಾಡುತ್ತದೆ. ಮೊಸರಿನಲ್ಲಿರುವ ಹುಳಿಯೇ ಅದು. ಉಳಿದದ್ದೆಲ್ಲ ಬೇಜಾರಿನ ಕೆಲಸ: ಗಸಿ ಬಿಟ್ಟು ಮೇಲಿನದ್ದನ್ನು ಬೇರೆ ಟ್ಯಾಂಕಿಗೆ ಹಾಯಿಸುವುದು, ಪಾತ್ರೆ ಅಂಚಿನ ತನಕ ತುಂಬಿಸಿಡುವುದು, ತೊಳೆಯುವುದು, ಮತ್ತೆ ತೊಳೆಯುವುದು. ವೈನ್ ಮಾಡುವುದು ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಪೈಪ್ ತೊಳೆಯುವುದೇ.

ನಂದಿ_ಬುಡ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾವು ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ಬೆಳೆಯುವವರು. 2013ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಹಣ್ಣು ಅನ್ನುವ ಗುರುತು) ಬಂದ ಹಣ್ಣು. ನಿಮ್ಮ ಕಡೆಯಂತೆ ಒಂದೇ ಕೊಯ್ಲು ಅಲ್ಲ, ಹವೆ ತಂಪಿರುವುದರಿಂದ ವರ್ಷಕ್ಕೆ ಎರಡು ಫಸಲು ತೆಗೆಯುತ್ತೇವೆ. ಬಳ್ಳಿ ಗಟ್ಟಿ, ಕೆಲವು ರೋಗಗಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಚಪ್ಪರದ ಕೆಳಗೆ ನಿಂತರೆ ಹಣ್ಣಿನ ಘಮ ಬಟ್ಟೆಗೂ ಹತ್ತುತ್ತದೆ. ಆದರೆ ಅದೇ ಘಮ ಒಣ (ಸಿಹಿ ಉಳಿಯದ) ಕೆಂಪು ವೈನ್‌ಗೆ ಬೇಡವಂತೆ. ಅಮೆರಿಕದ ಲಾಬ್ರಸ್ಕಾ ಜಾತಿಯ ವಾಸನೆ ಅದು. ನಮ್ಮ ಹಣ್ಣು ಜ್ಯೂಸ್‌ಗೆ, ಸಿಹಿ ಪೋರ್ಟ್ ತರಹದ ವೈನ್‌ಗೆ ಹೋಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನೇ ಬ್ಲ್ಯಾಕ್ ಚಂಪಾ ತಳಿಯ ಜೊತೆ ಸೇರಿಸಿ ಅರ್ಕಾ ಶ್ಯಾಮ್ ಅನ್ನುವ ತಳಿ ಮಾಡಿದ್ದಾರೆ.

ನಂದಿ ಬುಡದಲ್ಲಿ ಫ್ರೆಂಚ್ ತಳಿ ಹಾಕಿ ತೋರಿಸಿದ್ದು ವೈನ್ ಕಂಪನಿಯ ಗ್ರೋವರ್ ಅವರು, 1980ರ ದಶಕದಲ್ಲಿ. ನಮ್ಮ ಹಿರಿಯರು ಬೇಲಿ ಆಚೆ ನಿಂತು "ಇಷ್ಟು ಸಣ್ಣ ಕಾಳು ಯಾರು ತಗೋತಾರೆ" ಅಂತ ನಕ್ಕಿದ್ದರಂತೆ.

ಸುಮ್ನೆ_ಓದುಗ

ರೈತರು ಜೋಳ ಬೆಳೆಯುವುದು ಬಿಟ್ಟು ಹೆಂಡಕ್ಕೆ ಹಣ್ಣು ಬೆಳೆಯಬೇಕಾ? ನೀರಿಲ್ಲದ ಜಿಲ್ಲೆ ಬೇರೆ.

ಹಳೇಬಳ್ಳಿ

ನೀರಿನ ಮಾತು ಒಪ್ಪುತ್ತೇನೆ. ನಮ್ಮ ತೋಟಗಳು ಡ್ರಿಪ್ ಮತ್ತು ಕೃಷಿ ಹೊಂಡದ ಮೇಲೆ ನಿಂತಿವೆ. ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿದ್ದೂ ಇದೆ. ಅದಕ್ಕೇ ಬೇರು ಡಾಗ್‌ರಿಡ್ಜ್ ಅನ್ನುವ ಗಟ್ಟಿ ಬಳ್ಳಿಯದು, ಮೇಲೆ ನಮಗೆ ಬೇಕಾದ ತಳಿಯ ಕಸಿ. ಬರಕ್ಕೂ ಉಪ್ಪು ನೀರಿಗೂ ಅದು ತಡೆಯುತ್ತದೆ. ಇಳುವರಿ ಕಡಿಮೆ ಇಡುವುದರಿಂದ ಶಿರಾಜ್‌ಗೆ ಥಾಮ್ಸನ್‌ಗಿಂತ ನೀರು ಕಡಿಮೆಯೇ ಸಾಕು. ಹೆಂಡದ ಮಾತಿಗೆ ಜಗಳ ಬೇಡ. ನಿಮಗೆ ಇಷ್ಟ ಇಲ್ಲದಿದ್ದರೆ ಕುಡಿಯಬೇಡಿ. ನಾನೂ ಕುಡಿಯುವುದಿಲ್ಲ. ಬೆಳೆಯುತ್ತೇನೆ ಅಷ್ಟೇ.

ತಿಕೋಟಾ_ಹುಡುಗ

ಹಹ್ಹ ಅಣ್ಣಾ, ಇದನ್ನು ಅವ್ವನಿಗೆ ಓದಿ ಹೇಳುತ್ತೇನೆ.

ಬರೋಸಾದಿಂದ

ಧಾರವಾಡದವಳು, ಈಗ ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ ಇದ್ದೇನೆ. ಇಲ್ಲಿನ ಒಂದು ಸಣ್ಣ ಕುಟುಂಬದ ತೋಟಕ್ಕೆ ಸುಗ್ಗಿಯಲ್ಲಿ ಕೈ ಜೋಡಿಸಲು ಹೋಗುತ್ತೇನೆ. ನಿಮ್ಮ ಎರಡು ಚಾಟ್ನಿಯ ಲೆಕ್ಕ ಹೇಳಿದರೆ ಇಲ್ಲಿಯವರು ಬಾಯಿ ಬಿಡುತ್ತಾರೆ. ಇಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ. ಎಲೆಯೆಲ್ಲ ಉದುರಿ ಬಳ್ಳಿ ನಿದ್ದೆ ಹೋಗುತ್ತದೆ, ಆಗ ಒಂದು ಸಲ ಕತ್ತರಿ. ಅಷ್ಟೇ. ನಮ್ಮ ಊರಲ್ಲಿ ಚಳಿ ಸಾಲದೆ ಬಳ್ಳಿ ಮಲಗುವುದೇ ಇಲ್ಲ. ಕತ್ತರಿಯೇ ಅದಕ್ಕೆ ಋತು ತೋರಿಸಬೇಕು.

ಮಜಾ ಅಂದರೆ ಕೊಯ್ಲು ಮಾತ್ರ ಒಂದೇ ಹೊತ್ತಿಗೆ, ಫೆಬ್ರವರಿಯಿಂದ ಏಪ್ರಿಲ್. ಅಲ್ಲಿ ಚಳಿಗಾಲ ಮುಗಿದು ಬಿಸಿಲೇರುವಾಗ, ಇಲ್ಲಿ ಬೇಸಿಗೆ ಮುಗಿದು ತಂಪಾಗುವಾಗ. ಇಲ್ಲಿ ಹಣ್ಣು ತಂಪಿನ ಕಡೆ ಹೋಗುತ್ತಾ ಮಾಗುತ್ತದೆ, ಹುಳಿ ಉಳಿಯುತ್ತದೆ. ಅಲ್ಲಿ ದಿನದಿನಕ್ಕೂ ಬಿಸಿ ಜಾಸ್ತಿ. ಸೆಲ್ಲಾರ್ ಅಕ್ಕನ ಪಿಎಚ್ ತಲೆನೋವಿಗೆ ಕಾರಣ ಇದೇ ಇರಬೇಕು ಅಲ್ವಾ?

ಇಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇನ್ನೂ ಹಣ್ಣು ಬಿಡುತ್ತವೆ. ಮರದ ಬೊಡ್ಡೆಯ ಹಾಗೆ ದಪ್ಪ, ತಿರುಚಿಕೊಂಡಿವೆ. ಬೇರು ತಿನ್ನುವ ಫಿಲೊಕ್ಸೆರಾ ಕೀಟ ಈ ರಾಜ್ಯಕ್ಕೆ ಬಂದಿಲ್ಲ. ಹಾಗಾಗಿ ತೋಟದೊಳಗೆ ಹೋಗುವ ಮುಂಚೆ ಬೂಟು ತೊಳೆಸುತ್ತಾರೆ.

ಸೆಲ್ಲಾರ್_ಅಕ್ಕ

ಹೌದು, ಮುಖ್ಯ ಕಾರಣ ಅದೇ. ಮಾಗುವ ಕೊನೆಯ ವಾರಗಳಲ್ಲಿ ರಾತ್ರಿಯೂ ಬೆಚ್ಚಗಿದ್ದರೆ ಬಳ್ಳಿ ಮ್ಯಾಲಿಕ್ ಹುಳಿಯನ್ನು ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಎರಡು ದಿನ ತಡ ಮಾಡುವುದೂ ದೊಡ್ಡ ವಿಷಯ.

ಹಳೇಬಳ್ಳಿ

ತಡದ ಮಾತು ಬಂತಲ್ಲ, ಕರಾರಿನ ಬಗ್ಗೆ ಹೇಳಿಬಿಡುತ್ತೇನೆ. ಒಂದು ಕಂಪನಿ, ಹೆಸರು ಬೇಡ, ಬ್ರಿಕ್ಸ್ ಬಂದ ಮೇಲೂ "ನಮ್ಮ ಟ್ಯಾಂಕ್ ಖಾಲಿ ಇಲ್ಲ, ನಾಳೆ ನಾಡಿದ್ದು" ಅನ್ನುತ್ತಾ ದಿನ ದೂಡಿತು. ಕಾಳು ಸುಕ್ಕಾಯಿತು, ತೂಕ ಇಳಿಯಿತು. ದುಡ್ಡು ಕೊಡುವುದು ತೂಕಕ್ಕೆ. ಸಿಹಿ ಹೆಚ್ಚಿದ ಲಾಭ ಅವರಿಗೆ, ತೂಕ ಕಳೆದ ನಷ್ಟ ನನಗೆ. ಆಮೇಲಿನ ಕರಾರಿನಲ್ಲಿ ಒಂದು ಸಾಲು ಬರೆಸಿದೆ: ಇಷ್ಟು ಬ್ರಿಕ್ಸ್ ಮುಟ್ಟಿದ ಮೇಲೆ ಇಷ್ಟು ದಿನದೊಳಗೆ ಕೊಯ್ಯದಿದ್ದರೆ ತೂಕದ ನಷ್ಟ ತುಂಬಿಕೊಡಬೇಕು. ಮುಖ ಸಿಂಡರಿಸಿದರು, ಸಹಿ ಹಾಕಿದರು. ಮಾದರಿ ತೆಗೆಯುವಾಗ ನೀವೂ ಜೊತೆಗಿರಿ. ಬಿಸಿಲಿನ ಕಡೆಯ ನಾಲ್ಕು ಗೊನೆ ಹಿಂಡಿದರೆ ಒಂದು ಲೆಕ್ಕ, ಎಲೆ ಮರೆಯದ್ದು ಸೇರಿಸಿದರೆ ಇನ್ನೊಂದು ಲೆಕ್ಕ. ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ನಿಮ್ಮದೂ ಒಂದು ಇರಲಿ.

ಇನ್ನೊಂದು. ಕರಾರು ಕೈಗೆ ಬರುವ ಮುಂಚೆ ಸಸಿ ನೆಡಬೇಡಿ. ಥಾಮ್ಸನ್ ಆದರೆ ಒಬ್ಬ ದಲಾಲ ಕೈಬಿಟ್ಟರೆ ಇನ್ನೊಬ್ಬ, ಅದೂ ಆಗದಿದ್ದರೆ ಶೆಡ್ ಇದೆ, ತಾಸಗಾಂವ್‌ನ ಮಣೂಕ ಮಾರುಕಟ್ಟೆ ಇದೆ. ಶಿರಾಜ್‌ಗೆ ಕೊಳ್ಳುವವರು ಬೆರಳೆಣಿಕೆ. ಸಂತೆಯಲ್ಲಿ ಇಟ್ಟರೆ ಬೀಜದ ಸಣ್ಣ ಕಾಳನ್ನು ಯಾರೂ ಮುಟ್ಟುವುದಿಲ್ಲ.

ತಿಕೋಟಾ_ಹುಡುಗ

ಈ ಸಾಲು ಬರೆದಿಟ್ಟುಕೊಂಡೆ. ಮನೆಯಲ್ಲೇ ಒಂದು ಡ್ರಮ್ ಮಾಡಿ ನೋಡಿದರೆ? ಕಲಿಯಲಿಕ್ಕೆ ಮಾತ್ರ.

ನಂದಿ_ಬುಡ

ಬೇಡ ಕಣ್ರೀ. ಲೈಸೆನ್ಸ್ ಇಲ್ಲದೆ ಡ್ರಮ್‌ಗಟ್ಟಲೆ ಹುದುಗಿಸಿದರೆ ಅಬಕಾರಿಯವರು ಬರುತ್ತಾರೆ, "ಕಲಿಯಲಿಕ್ಕೆ" ಅಂದರೆ ಬಿಡುವುದಿಲ್ಲ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಬೆಳೆಗಾರರಿಗಾಗಿ ವೈನ್ ಮಂಡಳಿಯೂ ಆಯಿತು. ಮೊದಲು ಮಂಡಳಿಗೆ ಹೋಗಿ ಕೇಳಿ. ಒಬ್ಬರೇ ಘಟಕ ಹಾಕುವುದು ಒಂದು ಎಕರೆಗೆ ಲೆಕ್ಕ ಕೂಡುವುದಿಲ್ಲ. ನಾಲ್ಕಾರು ಮನೆ ಸೇರಿದರೆ ಬೇರೆ ಮಾತು.

ಸೆಲ್ಲಾರ್_ಅಕ್ಕ

ಹುದುಗಿಸದೆಯೇ ಕಲಿಯುವುದು ಬೇಕಾದಷ್ಟಿದೆ. ಬಣ್ಣ ತಿರುಗಿದ ದಿನದಿಂದ ವಾರಕ್ಕೆ ಎರಡು ಸಲ, ಬೆಳಿಗ್ಗೆ ಒಂದೇ ಹೊತ್ತಿಗೆ, ಎಲ್ಲ ಸಾಲಿನಿಂದ ನೂರು ಕಾಳು ತನ್ನಿ. ತೂಕ, ಬ್ರಿಕ್ಸ್, ಪಿಎಚ್ ಬರೆದಿಡಿ. ಬೀಜ ಅಗಿದು ಅದನ್ನೂ ಬರೆಯಿರಿ. ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿದರೆ ಬಣ್ಣ ಎಷ್ಟು ಹತ್ತುತ್ತದೆ, ಅದನ್ನೂ. ಇಂಥ ನೋಟ್‌ಬುಕ್ ಹಿಡಿದು ಬರುವ ರೈತರ ಹಣ್ಣಿಗೆ ನಾವು ಜಾಗ ಕಾದಿರಿಸುತ್ತೇವೆ, ಇದು ಒಳಗಿನ ಮಾತು. ಸುಗ್ಗಿಯಲ್ಲಿ ವೈನರಿಗಳಿಗೆ ಕೈ ಸಾಲುವುದಿಲ್ಲ. ನಿಮ್ಮ ತಮ್ಮನನ್ನು ಒಂದು ಸೀಸನ್ ಕೆಲಸಕ್ಕೆ ಕಳಿಸಿ. ಪೈಪ್ ತೊಳೆದು ವಾಪಸ್ ಬರಲಿ, ಆಮೇಲೂ ಆಸೆ ಉಳಿದಿದ್ದರೆ ಮುಂದಿನದ್ದು ಮಾತಾಡೋಣ.

ತಿಕೋಟಾ_ಹುಡುಗ

ಎಲ್ಲರಿಗೂ ಧನ್ಯವಾದ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಗೊನೆ ಕತ್ತರಿಸಿ ನೆಲಕ್ಕೆ ಹಾಕುವ ಕಡೆ "ಇದೇನು ಹುಚ್ಚೋ" ಅಂದರು. ಕರಾರಿನ ಸಾಲು ಬಂದಾಗ "ಈ ಮನುಷ್ಯ ಶಾಣ್ಯಾ ಅದಾನ" ಅಂದರು. ಅರ್ಧ ಎಕರೆಗೆ ಒಪ್ಪಿದ್ದಾರೆ, ಅದೂ ಕರಾರು ಕೈಗೆ ಬಂದ ಮೇಲೆ. ಅವ್ವ ಮಾತ್ರ "ಮಣೂಕದ ಶೆಡ್ಡಿನ ಹತ್ತಿರ ಆ ಕ್ರೇಟ್ ಇಡಂಗಿಲ್ಲ" ಅಂತ ಷರತ್ತು ಹಾಕಿದ್ದಾಳೆ.

ಹಳೇಬಳ್ಳಿ ಅಣ್ಣಾ, ಕರಾರು ಆದರೆ ಡಾಗ್‌ರಿಡ್ಜ್ ಸಸಿ ಫೆಬ್ರವರಿಯಲ್ಲೇ ನೆಡಬೇಕಾ? ಆಗ ಶೆಡ್ ಕೆಲಸ ಇರುತ್ತದಲ್ಲ.

ಹಳೇಬಳ್ಳಿ

ಫೆಬ್ರವರಿ–ಮಾರ್ಚ್‌ನಲ್ಲಿ ನೆಟ್ಟರೆ ಮಳೆಗಾಲ ಮುಗಿಯುವ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪ ಬರುತ್ತದೆ, ಆಗ ಕಸಿ ಕಟ್ಟಬಹುದು. ಅರ್ಧ ಎಕರೆ ಗುಂಡಿಯನ್ನು ಜನವರಿಯಲ್ಲೇ ತೋಡಿಸಿ ಗೊಬ್ಬರ ತುಂಬಿಡಿ. ನೆಡುವುದು ಎರಡು ಸಂಜೆಯ ಕೆಲಸ, ಮಣೂಕಕ್ಕೆ ಅಡ್ಡ ಬರುವುದಿಲ್ಲ. ಕಸಿ ಕಟ್ಟುವವರನ್ನು ಮಾತ್ರ ಜೂನ್‌ನಲ್ಲೇ ಗೊತ್ತು ಮಾಡಿ. ಆಗಸ್ಟ್ ಬಂದರೆ ಅವರು ಫೋನೇ ಎತ್ತುವುದಿಲ್ಲ. ಕಡ್ಡಿ ಎಲ್ಲಿಂದ ತರುತ್ತೀರಿ ಅಂತ ನನಗೊಮ್ಮೆ ಕೇಳಿ, ರೋಗ ಇಲ್ಲದ ತೋಟ ತೋರಿಸುತ್ತೇನೆ.